ಹಳೆಯ ಬಟ್ಟೆಯಿಂದ ಎಳೆಯ ಮಕ್ಕಳ ಆಟಿಕೆ

ಎಳೆಯ ಮಗುವಿನ ಕೈಗೆ ಸಿಕ್ಕಿದ ವಸ್ತು ಮೊದಲು ಸೇರುವುದು ಅದರ ಬಾಯನ್ನು ಎಂಬುದನ್ನು ಮಕ್ಕಳಿರುವ ಮನೆಯವರೆಲ್ಲರೂ ಬಲ್ಲರು. ಮುಟ್ಟಿ, ಹಿಂಡಿ, ಕಚ್ಚಿ, ಎಸೆದು ನೋಡುವುದರಿಂದಲೇ ಮಗುವು ತನ್ನ ಸುತ್ತಲಿನ ಜಗತ್ತನ್ನು ಅರಿಯುತ್ತದೆ. ಆದುದರಿಂದ ಆಟಿಕೆಯು ನೋಡಲು ಎಷ್ಟು ಚೆಂದವಾಗಿದೆ ಎಂಬುದಕ್ಕಿಂತ, ಕಚ್ಚಿದಾಗ ಅದು ಏನಾಗುತ್ತದೆ, ಎಳೆದಾಗ ಅದರಿಂದ ಏನು ಕಿತ್ತುಬರುತ್ತದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ನೆಲೆಸಿದ ಅನೇಕ ಕನ್ನಡ ಸಂಸಾರಗಳಿಗೆ ಅಂಗಳವಿಲ್ಲ. ಮಣ್ಣು ಮರಳಿನ ಆಟಕ್ಕೆ ಎಡೆಯಿಲ್ಲ. ಮಗುವಿನ ಆಟವೆಲ್ಲ ಒಂದೆರಡು ಕೋಣೆಗಳ ನೆಲದ ಮೇಲೆಯೇ ಸಾಗಬೇಕು. ಇಂತಹ ಮನೆಗೆ ಬಟ್ಟೆಯ ಆಟಿಕೆ ಚೆನ್ನಾಗಿ ಒಗ್ಗುತ್ತದೆ. ಬಿದ್ದರೆ ಸದ್ದಿಲ್ಲ, ತಾಗಿದರೆ ನೋವಿಲ್ಲ, ಕೊಳೆಯಾದರೆ ಒಗೆಯಬಹುದು. ಖರ್ಚೂ ಅತ್ಯಲ್ಪ.

ಆದರೆ ಒಂದು ಹೊಣೆಯನ್ನು ಮರೆಯಲಾಗದು. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಭಾರತದಲ್ಲಿ ಮಾರಾಟವಾಗುವ ಮಕ್ಕಳ ಆಟಿಕೆಗಳ ಮೇಲೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಮನೆಯಲ್ಲಿ ಹೊಲಿದ ಗೊಂಬೆಯನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಹೊಲಿದವರೇ ಪರೀಕ್ಷಕರು. ಆಟಿಕೆಯ ಕ್ಷೇಮವೆಲ್ಲ ಅದರ ಹೊಲಿಗೆಯಲ್ಲಿ ಅಡಗಿದೆ.

ಸೂಜಿ-ದಾರದ ಹಳೆಯ ನಂಟು

ಚಿಂದಿಗೆ ಬೆಲೆ ತರುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ನಡುವಿನತ್ತ ಸಾಗುತ್ತ ತಮ್ಮ ಕವಂದಿಗಳನ್ನು ಹೊಲಿಯುತ್ತಾರೆ. ಮಹಾರಾಷ್ಟ್ರದ ಗೋಧಡಿಯೂ ಇದೇ ಬಳಗದ್ದು. ಒಗೆದು ಒಗೆದು ಮೆತ್ತಗಾದ ನೂಲಿನ ಬಟ್ಟೆ ಎಳೆಯ ಚರ್ಮಕ್ಕೆ ಹಿತವೆಂಬುದನ್ನು ಈ ಕೈಗಳು ಬಹುಕಾಲದಿಂದ ತಿಳಿದಿವೆ.

ಇಂದು ಅಂಗಡಿಗಳಲ್ಲಿ ಕಾಣುವ ಮೆದು ಗೊಂಬೆಗಳ ಉದ್ಯಮದ ಹಿಂದೆಯೂ ಒಬ್ಬ ಹೊಲಿಗೆಗಾರ್ತಿಯ ಕೈಯಿದೆ. ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟೆ ಷ್ಟೈಫ್ (1847-1909) ಶೈಶವದಲ್ಲಿಯೇ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲಿ ಬಾಳಿದವರು. 1880ರಲ್ಲಿ ಅವರು ಸೂಜಿ ಚುಚ್ಚಿಡಲೆಂದು ಉಣ್ಣೆಯ ಫೆಲ್ಟ್ ಬಟ್ಟೆಯಿಂದ ಪುಟ್ಟ ಆನೆಯೊಂದನ್ನು ಹೊಲಿದರು. ಮಕ್ಕಳು ಅದನ್ನು ಆಟಕ್ಕೆ ಎತ್ತಿಕೊಂಡರು. ಆ ಆನೆಯಿಂದಲೇ ಮುಂದೆ ಅವರ ಆಟಿಕೆ ಕಾರ್ಖಾನೆ ಬೆಳೆಯಿತು.

ವಯಸ್ಸಿಗೆ ತಕ್ಕ ಆಟಿಕೆ

ಹುಟ್ಟಿದ ಮೊದಲ ವಾರಗಳಲ್ಲಿ ಮಗುವಿನ ಕಣ್ಣಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ ವಸ್ತುಗಳು ಮಾತ್ರ; ಸುಮಾರಾಗಿ ಹಾಲೂಡಿಸುವ ತಾಯಿಯ ಮುಖದಷ್ಟು ದೂರ. ಕಪ್ಪು-ಬಿಳುಪಿನಂತಹ ಎದ್ದು ಕಾಣುವ ಬಣ್ಣಗಳತ್ತ ಅದರ ನೋಟ ಹರಿಯುತ್ತದೆ. ನಾಲ್ಕೈದು ತಿಂಗಳಿಗೆ ಕೈಚಾಚಿ ಹಿಡಿಯತೊಡಗುವ ಮಗು, ಆರೇಳು ತಿಂಗಳಿಗೆ ವಸ್ತುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಒಂಬತ್ತು-ಹತ್ತು ತಿಂಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳ ತುದಿಯಿಂದ ಸಣ್ಣ ವಸ್ತುವನ್ನು ಹೆಕ್ಕಲು ಕಲಿಯುತ್ತದೆ. ಕಿತ್ತುಬಂದ ಗುಂಡಿ, ಮಣಿಗಳ ಅಪಾಯ ಹೆಚ್ಚುವುದೂ ಈ ಹಂತದಿಂದಲೇ. ಒಂದೂವರೆ-ಎರಡು ವರ್ಷಕ್ಕೆ ಗೊಂಬೆಗೆ ಉಣಿಸುವ, ಮಲಗಿಸುವ ಕಲ್ಪನೆಯ ಆಟ ಆರಂಭವಾಗುತ್ತದೆ.

ಬೇಕಾಗುವ ಸಾಮಗ್ರಿ

ಹಳೆಯ ನೂಲಿನ ಸೀರೆ, ಪಂಚೆ, ದಿಂಬಿನ ಗವಸು, ಅಥವಾ ನೆರೆಯ ದರ್ಜಿಯ ಬಳಿ ಉಳಿಯುವ ತುಂಡುಗಳು ಸಾಕು. ಮೊದಲು ಅವುಗಳಿಂದ ಜರಿ, ಹುಕ್ಕು, ಗುಂಡಿಗಳನ್ನೆಲ್ಲ ತೆಗೆದು, ಸಾಬೂನಿನಿಂದ ಒಗೆದು, ಬಿಸಿಲಿಗೆ ಒಣಗಿಸಬೇಕು. ಬಳಿಕ ಎರಡು ಪರೀಕ್ಷೆಗಳು. ಒದ್ದೆಯ ಬಿಳಿ ಬಟ್ಟೆಯಿಂದ ತಿಕ್ಕಿದಾಗ ಬಣ್ಣ ಬಿಟ್ಟರೆ ಅಂತಹ ಬಟ್ಟೆ ಬೇಡ. ಎರಡೂ ಕೈಗಳಿಂದ ಜಗ್ಗಿದಾಗ ಜೀರ್ಣವಾಗಿ ಹರಿದರೆ ಅದನ್ನು ಹೊರಮೈಗೆ ಬಳಸದೆ ಸಣ್ಣಗೆ ಕತ್ತರಿಸಿ ಒಳಗೆ ತುಂಬಲು ಇಟ್ಟುಕೊಳ್ಳಬೇಕು.

ತುಂಬಲು ಶುಭ್ರವಾದ ಹತ್ತಿ ಅಥವಾ ಬಟ್ಟೆಯ ಚೂರುಗಳೇ ಉತ್ತಮ. ಅಕ್ಕಿ, ರಾಗಿ, ಹೆಸರುಕಾಳು, ಮಣಿ, ಥರ್ಮೊಕೋಲಿನ ಗುಳಿಗೆ, ಸದ್ದಿಗಾಗಿ ಗೆಜ್ಜೆ, ಇವಾವುವೂ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಸಲ್ಲವು. ಹೊಲಿಗೆ ಬಿಚ್ಚಿದರೆ ಅವು ನೇರವಾಗಿ ಮಗುವಿನ ಬಾಯಿಗೆ ಹೋಗುತ್ತವೆ. ಕಾಳುಗಳಿಗೆ ಹುಳುವಿನ ಕಾಟವೂ ಉಂಟು.

ದಾರ ಗಟ್ಟಿಯಾಗಿರಬೇಕು, ಅದನ್ನು ಎರಡೆಳೆ ಮಾಡಿ ಪೋಣಿಸಬೇಕು. ಬರಿಯ ಸಾದಾ ಹೊಲಿಗೆಯಲ್ಲಿ ಒಂದೆಡೆ ದಾರ ಹರಿದರೆ ಉದ್ದಕ್ಕೂ ಬಿಚ್ಚಿಕೊಳ್ಳುವ ಭಯವಿದೆ. ಆದುದರಿಂದ ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಚುಚ್ಚಿ, ಎರಡು ಹೆಜ್ಜೆ ಮುಂದೆ ತೆಗೆಯುವ ಬ್ಯಾಕ್ ಸ್ಟಿಚ್ ಹೊಲಿಗೆಯನ್ನೇ ಹಾಕಬೇಕು. ಹೊಲಿಗೆಯ ಯಂತ್ರವಿದ್ದಲ್ಲಿ ಪ್ರತಿಯೊಂದು ಅಂಚಿಗೂ ಎರಡು ಸಾಲು ಹಾಕುವುದು ಲೇಸು.

ಮೊದಲನೆಯದು: ಬಟ್ಟೆಯ ಚೌಕ (ಐದಾರು ತಿಂಗಳಿನಿಂದ)

10 ಸೆಂಟಿಮೀಟರ್ ಅಳತೆಯ ಆರು ಚೌಕ ತುಂಡುಗಳನ್ನು ಕತ್ತರಿಸಬೇಕು. ಒಂದು ನುಣುಪು, ಒಂದು ಒರಟು, ಒಂದು ಪಟ್ಟೆಯದು, ಒಂದು ಚುಕ್ಕಿಯದು, ಹೀಗೆ ಬೇರೆ ಬೇರೆ ಬಟ್ಟೆಗಳಿದ್ದರೆ ಕೈಗೂ ಕಣ್ಣಿಗೂ ಪಾಠವಾಗುತ್ತದೆ. ಬಟ್ಟೆಯ ಮೇಲ್ಮೈ ಒಳಗೆ ಬರುವಂತೆ ಇಟ್ಟುಕೊಂಡು, ಅಂಚಿನಿಂದ 1 ಸೆಂಟಿಮೀಟರ್ ಒಳಗೆ, ನಾಲ್ಕು ತುಂಡುಗಳನ್ನು ಸಾಲಾಗಿ ಜೋಡಿಸಿ ಹೊಲಿಯಬೇಕು. ಪ್ರತಿಯೊಂದು ಹೊಲಿಗೆಯನ್ನೂ ಮೂಲೆಗೆ 1 ಸೆಂಟಿಮೀಟರ್ ಇರುವಾಗಲೇ ನಿಲ್ಲಿಸಿದರೆ ಮೂಲೆಗಳು ಚೆನ್ನಾಗಿ ಕೂಡುತ್ತವೆ. ಸಾಲಿನ ಎರಡು ತುದಿಗಳನ್ನು ಸೇರಿಸಿದಾಗ ನಾಲ್ಕು ಗೋಡೆಗಳಾದವು. ಐದನೆಯ ತುಂಡು ತಳ, ಆರನೆಯದು ಮುಚ್ಚಳ. ಮುಚ್ಚಳದ ಕೊನೆಯ ಅಂಚಿನಲ್ಲಿ 5 ಸೆಂಟಿಮೀಟರಿನಷ್ಟು ಬಿಟ್ಟು, ಅಲ್ಲಿಂದ ಇಡೀ ಚೌಕವನ್ನು ಒಳಹೊರಗು ಮಾಡಿ, ಹತ್ತಿ ತುಂಬಿ, ಬಿಟ್ಟ ಬಾಯನ್ನು ಒತ್ತೊತ್ತಾಗಿ ಹೊಲಿದು ಮುಚ್ಚಬೇಕು. ಸುಮಾರು 8 ಸೆಂಟಿಮೀಟರಿನ ಮೆದುವಾದ ಚೌಕ ಸಿದ್ಧವಾಗುತ್ತದೆ. ತೀರ ಬಿಗಿಯಾಗಿ ತುಂಬಬಾರದು. ಪುಟ್ಟ ಬೆರಳುಗಳಿಗೆ ಅದು ಸ್ವಲ್ಪ ಬಗ್ಗಬೇಕು.

ಎಂಟು-ಒಂಬತ್ತು ತಿಂಗಳ ಹೊತ್ತಿಗೆ ಇದನ್ನು ಸೆರಗಿನಡಿ ಅಡಗಿಸಿದರೆ ಮಗು ಹುಡುಕತೊಡಗುತ್ತದೆ. ಕಣ್ಣಿಗೆ ಮರೆಯಾದ ವಸ್ತು ಇಲ್ಲವಾಗಿಲ್ಲ ಎಂಬ ಅರಿವು ಆಗ ಅದರಲ್ಲಿ ಮೂಡುತ್ತಿರುತ್ತದೆ.

ಎರಡನೆಯದು: ಗಂಟಿನ ಗೊಂಬೆ (ಒಂದು ವರ್ಷದ ಮೇಲೆ)

40 ಸೆಂಟಿಮೀಟರ್ ಅಳತೆಯ ಮೆತ್ತನೆಯ ಚೌಕ ಬಟ್ಟೆಯ ನಾಲ್ಕೂ ಅಂಚುಗಳನ್ನು ಮಡಿಚಿ ಹೊಲಿಯಬೇಕು. ನಡುವೆ ಒಂದು ದೊಡ್ಡ ಹಿಡಿ ಹತ್ತಿಯಿಟ್ಟು, ಬಟ್ಟೆಯನ್ನು ಸುತ್ತಲಿನಿಂದ ಕೂಡಿಸಿ ಹಿಡಿದರೆ ತಲೆಯಾಗುತ್ತದೆ. ತಲೆಯ ಅಡ್ಡಗಲ 6 ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಕೊರಳ ಸುತ್ತ ದಾರವನ್ನು ಐದಾರು ಸುತ್ತು ಬಿಗಿದ ಮೇಲೆ, ಅದೇ ದಾರವನ್ನು ಬಟ್ಟೆಯ ಮಡಿಕೆಗಳ ನಡುವೆ ಅತ್ತಿಂದಿತ್ತ ಹಲವು ಸಲ ತೂರಿಸಿ ಹೊಲಿಯಬೇಕು. ಬರಿಯ ಕಟ್ಟನ್ನು ನಂಬುವಂತಿಲ್ಲ. ಎದುರುಬದುರಿನ ಎರಡು ಮೂಲೆಗಳಿಗೆ ಗಂಟು ಹಾಕಿದರೆ ಕೈಗಳಾದವು. ಉಳಿದ ಬಟ್ಟೆ ನಿಲುವಂಗಿಯಂತೆ ಇಳಿಬೀಳುತ್ತದೆ.

ಕಣ್ಣು, ಬಾಯಿಗಳನ್ನು ದಾರದಿಂದಲೇ ಕಸೂತಿ ಮಾಡಬೇಕು. ಗುಂಡಿ, ಮಣಿ, ಚಮಕಿಗಳಿಗೆ ಇಲ್ಲಿ ಸ್ಥಾನವಿಲ್ಲ. ಉಣ್ಣೆಯ ಎಳೆಗಳ ಕೂದಲೂ ಬೇಡ. ಬಟ್ಟೆಯ ಟೊಪ್ಪಿಗೆಯೊಂದನ್ನು ಭದ್ರವಾಗಿ ಹೊಲಿದರೆ ಸಾಕು. ಮಗುವಿನ ಕೊರಳಿಗೆ ಸುತ್ತಿಕೊಳ್ಳಬಹುದಾದ ಲಾಡಿ, ರಿಬ್ಬನ್ನುಗಳನ್ನು ಯಾವ ಆಟಿಕೆಗೂ ಕಟ್ಟಲಾಗದು.

ಮೂರನೆಯದು: ಬಟ್ಟೆಯ ಪುಸ್ತಕ (ಒಂದೂವರೆ ವರ್ಷದಿಂದ)

32 ಸೆಂಟಿಮೀಟರ್ ಉದ್ದ, 16 ಸೆಂಟಿಮೀಟರ್ ಅಗಲದ ನಾಲ್ಕು ತುಂಡುಗಳು ಬೇಕು. ಚಿತ್ರಗಳನ್ನು ಬಣ್ಣದ ಚೂರುಗಳಿಂದ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಿಚಿ, ಮೊದಲೇ ಈ ತುಂಡುಗಳ ಮೇಲೆ ಹೊಲಿದುಕೊಳ್ಳಬೇಕು. ಪ್ರತಿಯೊಂದು ತುಂಡೂ ನಡುವೆ ಮಡಿಚಿದಾಗ ಎರಡು ಪುಟಗಳಾಗುವುದರಿಂದ ಮಡಿಕೆಯ ಗೆರೆಯನ್ನು ಬಿಟ್ಟು ಚಿತ್ರವಿರಲಿ. ಬಳಿಕ ಎರಡೆರಡು ತುಂಡುಗಳನ್ನು ಚಿತ್ರ ಒಳಮುಖವಾಗಿ ಜೋಡಿಸಿ, ಮೂರು ಬದಿ ಹೊಲಿದು, ಒಳಹೊರಗು ಮಾಡಿ, ನಾಲ್ಕನೆಯ ಬದಿಯನ್ನು ಮುಚ್ಚಬೇಕು. ಹೀಗಾದ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಎರಡು ಸಾಲು ಹೊಲಿಗೆ ಹಾಕಿ ಮಡಿಚಿದರೆ ಎಂಟು ಪುಟದ ಪುಸ್ತಕ ಸಿದ್ಧ.

ಮನೆ, ಎಲೆ, ಮೀನು, ಆನೆ, ಹೂವು, ಚಂದ್ರ, ಈ ಆರು ಚಿತ್ರಗಳು ಒಳಪುಟಗಳಿಗೆ ಸಾಕಾಗುತ್ತವೆ. ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯನ್ನು ಕೇಳುತ್ತ ಬೆಳೆಯುವ ಮಗುವಿಗೆ ಪುಟ ತಿರುವಿದಂತೆಲ್ಲ ಒಂದೊಂದು ಕನ್ನಡ ಮಾತು ಕಿವಿಗೆ ಬಿದ್ದರೆ, ಆ ಮಾತು ಕೈಗೆ ಸಿಕ್ಕ ವಸ್ತುವಿನೊಡನೆ ಬೆಸೆದುಕೊಳ್ಳುತ್ತದೆ. ಮಾತನ್ನು ಕಲಿಸುವುದು ಪುಸ್ತಕದ ಬಟ್ಟೆಯಲ್ಲ, ತೊಡೆಯ ಮೇಲೆ ಕೂರಿಸಿಕೊಂಡು ಹೇಳುವವರ ದನಿ ಎಂಬುದನ್ನು ಹಿರಿಯರು ಮರೆಯಬಾರದು. ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ದೊರೆಯಲಾರದು.

ಕೊಡುವ ಮೊದಲು ಪರೀಕ್ಷೆ

ಒಂದು ರಟ್ಟಿನಲ್ಲಿ 4.5 ಸೆಂಟಿಮೀಟರ್ ಅಡ್ಡಗಲದ ಗುಂಡು ತೂತು ಕೊರೆದಿಟ್ಟುಕೊಳ್ಳಬೇಕು. ಅದರೊಳಗೆ ತೂರಿ ಹೋಗುವ ಯಾವ ವಸ್ತುವನ್ನೂ, ಆಟಿಕೆಯ ಯಾವ ಬಿಡಿಭಾಗವನ್ನೂ ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು. ಎರಡನೆಯದಾಗಿ, ಪ್ರತಿಯೊಂದು ಹೊಲಿಗೆಯನ್ನೂ ಎರಡು ಕೈಗಳಿಂದ ಬಲವಾಗಿ ಜಗ್ಗಿ ನೋಡಬೇಕು. ಸಂದಿನಲ್ಲಿ ಹತ್ತಿ ಇಣುಕಿದರೆ ಮತ್ತೆ ಹೊಲಿಯಬೇಕು. ಮೂರನೆಯದಾಗಿ, ಕೆಲಸಕ್ಕೆ ಕುಳಿತಾಗ ತೆಗೆದುಕೊಂಡ ಸೂಜಿ, ಗುಂಡುಸೂಜಿಗಳನ್ನು ಎಣಿಸಿ, ಏಳುವಾಗ ಮತ್ತೆ ಎಣಿಸಬೇಕು. ಒಂದು ಕಡಿಮೆಯಾದರೂ ಅದು ಸಿಗುವವರೆಗೆ ಆಟಿಕೆಯನ್ನು ಮಗುವಿಗೆ ಕೊಡುವಂತಿಲ್ಲ.

ಒಂದು ವರ್ಷ ತುಂಬದ ಮಗು ಮಲಗುವ ತೊಟ್ಟಿಲಲ್ಲಿ ಅಥವಾ ಹಾಸಿಗೆಯಲ್ಲಿ ಯಾವ ಮೆದು ಆಟಿಕೆಯನ್ನೂ ಇಡಬಾರದೆಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ನಿದ್ದೆಯಲ್ಲಿ ಅದು ಮೂಗು, ಬಾಯಿಗಳಿಗೆ ಅಡ್ಡವಾದರೆ ಸರಿಸಿಕೊಳ್ಳುವ ಶಕ್ತಿ ಆ ವಯಸ್ಸಿಗಿಲ್ಲ. ಎಚ್ಚರವಿದ್ದಾಗ, ಹಿರಿಯರ ಕಣ್ಣೆದುರಿಗೆ ಮಾತ್ರ ಆಟ.

ಎಷ್ಟು ಜಾಗರೂಕತೆ ವಹಿಸಿದರೂ ಏನಾದರೂ ಗಂಟಲಲ್ಲಿ ಸಿಕ್ಕಿಕೊಂಡು ಮಗುವಿಗೆ ಕೆಮ್ಮಲು, ಅಳಲು, ಉಸಿರಾಡಲು ಆಗದಿದ್ದರೆ, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು; ಅದು ಇನ್ನೂ ಒಳಸರಿದೀತು. ಒಂದು ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ತಲೆ ತಗ್ಗಾಗಿ ಬೋರಲು ಮಲಗಿಸಿ, ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟುವುದು ಮೊದಲ ಕ್ರಮ. ಅದೇ ವೇಳೆಗೆ ಮನೆಯ ಇನ್ನೊಬ್ಬರು 112ಕ್ಕೆ ಕರೆ ಮಾಡಬೇಕು. ಮುಂದಿನ ಕ್ರಮಗಳನ್ನು ಮಕ್ಕಳ ವೈದ್ಯರಿಂದ ಮೊದಲೇ ಕಲಿತಿಟ್ಟುಕೊಳ್ಳುವುದು ಪ್ರತಿಯೊಂದು ಮನೆಗೂ ಹಿತಕರ.

ಒಗೆತ ಮತ್ತು ರಿಪೇರಿ

ಜೊಲ್ಲು, ಧೂಳುಗಳಿಂದ ಬಟ್ಟೆಯ ಆಟಿಕೆ ಬೇಗ ಕೊಳೆಯಾಗುತ್ತದೆ. ವಾರಕ್ಕೊಮ್ಮೆ ಒಗೆದು, ಚೆನ್ನಾಗಿ ಹಿಂಡಿ, ಬಿಸಿಲಿಗೆ ಹಾಕಬೇಕು. ಕೆಮ್ಮು, ಉಬ್ಬಸದ ಮಕ್ಕಳಿರುವಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಧೂಳಿನ ನುಸಿಗಳು ಸಾಯುತ್ತವೆ. ಮುಂಬಯಿಯ ಮಳೆಗಾಲದಲ್ಲಿ ಒಳಗಿನ ಹತ್ತಿ ಹಲವು ದಿನ ಒಣಗದೆ ಬೂಷ್ಟು ಹಿಡಿಯುವುದುಂಟು. ಆಗ ಒಂದು ಅಂಚನ್ನು ಬಿಚ್ಚಿ, ಹತ್ತಿ ತೆಗೆದು, ಹೊದಿಕೆಯನ್ನು ಮಾತ್ರ ಒಗೆದು ಒಣಗಿಸಿ, ಹೊಸ ಹತ್ತಿ ತುಂಬಿ ಹೊಲಿಯುವುದೇ ಸರಿಯಾದ ದಾರಿ.

ಒಗೆಯುವ ದಿನವೇ ಹೊಲಿಗೆಗಳನ್ನು ನೋಡುವ ದಿನವೂ ಆಗಲಿ. ಸಡಿಲವಾದ ಎಳೆಯನ್ನು ಆಗಲೇ ಬಿಗಿಯಬೇಕು. ಬಟ್ಟೆಯೇ ಜೀರ್ಣವಾಗಿ ಹೊಲಿಗೆ ನಿಲ್ಲದಂತಾದಾಗ, ಮಗುವಿಗೆ ಎಷ್ಟೇ ಪ್ರಿಯವಾಗಿದ್ದರೂ ಆ ಗೊಂಬೆಯನ್ನು ತೆಗೆದಿಟ್ಟು, ಅದೇ ಸೀರೆಯ ಇನ್ನೊಂದು ತುಂಡಿನಿಂದ ಮತ್ತೊಂದನ್ನು ಹೊಲಿದು ಕೊಡಬೇಕು. ಸೀರೆಯ ಒಂದೆರಡು ಗೇಣು ಬಟ್ಟೆಯನ್ನು ಇದಕ್ಕೆಂದೇ ಪೆಟ್ಟಿಗೆಯಲ್ಲಿ ಉಳಿಸಿಟ್ಟಿರುವುದು ಜಾಣತನ.