ನಿನ್ನೆಗಿಂತ ಕಡಿಮೆ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಡಾಕ್ಟರಿಕೆಯ ವಿಷಯ ಇವನಿಗೇಕೆ ಎಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ.

ಕಳೆದ ವರ್ಷ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಅವರ ನಾಲ್ಕು ತಿಂಗಳ ಮಗುವಿಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಯಿತು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿತ್ತು. ಕಮಲನಗರದಿಂದ ಬೀದರಿಗೆ ಹೋಗಿ ರೈಲು ಹತ್ತಿದೆವು. ಖಾಲಾಗೆ ಕನ್ನಡ ಬರುವುದಿಲ್ಲ. ಡಾಕ್ಟರ ಮಾತನ್ನು ಉರ್ದುವಿನಲ್ಲಿ ಹೇಳುವ ಕೆಲಸ ನನ್ನದಾಗಿತ್ತು.

ಆಪರೇಷನ್ ಆದ ಮೂರನೆಯ ದಿನ ಡಾಕ್ಟರು ಹೊರಗೆ ಬಂದು, "ಸ್ಕ್ಯಾನ್ ಮಾಡಿದೆವು. ಶ್ವಾಸಕೋಶದಲ್ಲಿ ನೀರಿದೆ, ಆದರೆ ನಿನ್ನೆಗಿಂತ ಕಡಿಮೆ" ಎಂದರು. ಗಾಬರಿಯಲ್ಲಿ ನಾನು ನೀರಿನ ಮಾತಷ್ಟೇ ಹೇಳಿದೆ. ಖಾಲಾ ಅಳತೊಡಗಿದರು. ಉಳಿದ ಮಾತು ಹೇಳಿದಾಗ ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಆ ತಪ್ಪಿನಿಂದಲೇ ಇದನ್ನು ಓದಿ ತಿಳಿದುಕೊಂಡೆ.

ಹೃದಯದ ಆಪರೇಷನ್ ಆದರೆ ಶ್ವಾಸಕೋಶವನ್ನು ಏಕೆ ನೋಡಬೇಕು? ಇಂಥ ರಂಧ್ರ ದೊಡ್ಡದಿದ್ದರೆ ಶ್ವಾಸಕೋಶಕ್ಕೆ ಮೊದಲೇ ಹೆಚ್ಚು ರಕ್ತ ನುಗ್ಗುತ್ತಿರುತ್ತದೆ. ಆಪರೇಷನ್ ವೇಳೆ ಹೃದಯ-ಶ್ವಾಸಕೋಶ ಯಂತ್ರ ರಕ್ತವನ್ನು ಓಡಿಸುತ್ತದೆ. ಆಮೇಲೆ ಮಗುವಿನ ಮೈ ಊದಿಕೊಳ್ಳಬಹುದು, ಶ್ವಾಸಕೋಶಕ್ಕೂ ನೀರು ಜಿನುಗಬಹುದು. ಕೆಲವೊಮ್ಮೆ ಶ್ವಾಸಕೋಶದ ಒಂದು ಭಾಗ ಗಾಳಿಯಿಲ್ಲದೆ ಕುಸಿಯುವುದೂ ಉಂಟು.

ಅಲ್ಟ್ರಾಸೌಂಡ್ ಎಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದ. ಮೃದುವಾದ ಅಂಗಗಳಲ್ಲಿ ಅದು ಸೆಕೆಂಡಿಗೆ ಸುಮಾರು 1540 ಮೀಟರ್ ಸಾಗುತ್ತದೆ. ಗಾಳಿ ಸಿಕ್ಕರೆ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಬರುತ್ತದೆ. ಆದ್ದರಿಂದ ಗಾಳಿ ತುಂಬಿದ ಶ್ವಾಸಕೋಶಕ್ಕೆ ಈ ಸ್ಕ್ಯಾನ್ ಪ್ರಯೋಜನವಿಲ್ಲ ಎಂದೇ ಬಹುಕಾಲ ನಂಬಿದ್ದರು. ಫ್ರಾನ್ಸಿನ ಡಾ. ಡೇನಿಯಲ್ ಲಿಖ್ಟೆನ್‌ಸ್ಟೈನ್ ಮೊದಲಾದವರು ಪರದೆಯ ಗೆರೆಗಳಿಗೇ ಅರ್ಥವಿದೆ ಎಂದು ತೋರಿಸಿಕೊಟ್ಟರು.

ಗಾಳಿ ಚೆನ್ನಾಗಿದ್ದರೆ ಸಮ ಅಂತರದ ಅಡ್ಡಗೆರೆಗಳು ಕಾಣುತ್ತವೆ. ಇವು ಎ-ಗೆರೆಗಳು. ನೀರು ಸೇರಿದ್ದರೆ ಶ್ವಾಸಕೋಶದ ಮೇಲ್ಮೈಯಿಂದ ಕೆಳಗೆ ಹೊಳೆಯುವ ಉದ್ದಗೆರೆಗಳು ಇಳಿಯುತ್ತವೆ. ಇವು ಬಿ-ಗೆರೆಗಳು. ಎರಡು ಪಕ್ಕೆಲುಬುಗಳ ನಡುವೆ ಇಂಥವು ಮೂರು ಅಥವಾ ಹೆಚ್ಚು ಇದ್ದರೆ ಡಾಕ್ಟರು ಎಚ್ಚರವಾಗುತ್ತಾರೆ. ಕುಸಿದ ಭಾಗ ಯಕೃತ್ತಿನಂತೆ ಗಟ್ಟಿಯಾಗಿ ಕಾಣುತ್ತದೆ. ಶ್ವಾಸಕೋಶದ ಹೊರಗೆ ನಿಂತ ನೀರು ಸಾಮಾನ್ಯವಾಗಿ ಕಪ್ಪಾಗಿರುತ್ತದೆ.

ವಾಣಿಜ್ಯದವನಾದ ನನಗೆ ಇದು ಹೀಗೆ ಅರ್ಥವಾಯಿತು. ಐಸಿಯುನಲ್ಲಿ ಮಗುವಿಗೆ ಕೊಟ್ಟ ದ್ರವ, ಹೊರಬಂದ ಮೂತ್ರ, ಎಲ್ಲವನ್ನೂ ನರ್ಸ್‌ಗಳು ಬರೆದಿಡುತ್ತಾರೆ. ಅದು ನಗದು ಪುಸ್ತಕ. ಸ್ಕ್ಯಾನ್ ಎಂದರೆ ಪೆಟ್ಟಿಗೆ ತೆರೆದು ತಾಳೆ ನೋಡುವುದು. ಒಂದು ದಿನದ ಬಾಕಿಯಿಂದ ವ್ಯಾಪಾರ ತಿಳಿಯುವುದಿಲ್ಲ. ನಿನ್ನೆಯದರ ಜೊತೆ ಹೋಲಿಸಬೇಕು. ಈ ಸ್ಕ್ಯಾನ್‌ನಲ್ಲಿ ವಿಕಿರಣವಿಲ್ಲ, ಮಗುವನ್ನು ಹಾಸಿಗೆಯಿಂದ ಎತ್ತಬೇಕಿಲ್ಲ. ಆದ್ದರಿಂದ ಮತ್ತೆ ಮತ್ತೆ ನೋಡಬಹುದು.

ಹಾಗೆಂದು ಎಕ್ಸ್-ರೇ ಬೇಡವೆಂದಲ್ಲ. ಒಳಗೆ ಹಾಕಿದ ಕೊಳವೆಗಳ ಜಾಗ ನೋಡಲು ಅದು ಬೇಕು. ಎದೆಯ ಬ್ಯಾಂಡೇಜ್ ಸ್ಕ್ಯಾನ್‌ಗೆ ಅಡ್ಡಿಯಾಗುತ್ತದೆ. ಗೆರೆ ಓದಲು ತರಬೇತಿ ಪಡೆದ ಕಣ್ಣೂ ಬೇಕು.

ಅಲ್ಹಮ್ದುಲಿಲ್ಲಾಹ್, ಮಗು ಈಗ ಮನೆಯಿಡೀ ಓಡಾಡುತ್ತದೆ. ಸ್ನೇಹಿತರೇ, ನಮ್ಮಲ್ಲಿ ಅನೇಕರು ಆಸ್ಪತ್ರೆಯಲ್ಲಿ ಮನೆಯವರಿಗೆ ದುಭಾಷಿಗಳು. ಡಾಕ್ಟರ ಮಾತು ಪೂರ್ತಿ ಕೇಳಿ, ಪೂರ್ತಿ ಹೇಳಿ. ಅರ್ಥವಾಗದಿದ್ದರೆ "ನಿನ್ನೆಗಿಂತ ಹೇಗಿದೆ?" ಎಂದು ಕೇಳಲು ನಾಚಬೇಡಿ.