ಕರಡು ಪಟ್ಟಿ ಅಂಟಿಸಿದ ದಿನ ಎಲ್ಲಿದ್ದಿರಿ?

ಶೆಟ್ಟಿಹಳ್ಳಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ಪರಿಚಯದವರೊಬ್ಬರು, ಅಂಗಡಿ ಮುಂದಿನ ಮೋರಿ ಕಟ್ಟಿಕೊಂಡ ದಿನ ಕೇಳಿದ್ದರು: “ಸಾರ್, ಈಗ ನಮ್ಮ ಕಾರ್ಪೊರೇಟರ್ ಯಾರು?” ಯಾರೂ ಇಲ್ಲ ಅಂದೆ. ನಂಬಲಿಲ್ಲ. “ಅಲ್ಲಿ ಬ್ಯಾನರ್‌ನಲ್ಲಿ ಕೈಮುಗಿದು ನಿಂತಿದ್ದಾರಲ್ಲ?” ಹೋಗಿ ನೋಡಿದೆವು. ಹೆಸರು ಮೊಳದುದ್ದ ಇತ್ತು, ಅದರ ಮುಂದಿನ ‘ಮಾಜಿ’ ಮಾತ್ರ ಎಳ್ಳುಕಾಳಿನಷ್ಟು.

ಬೆಂಗಳೂರಿನವರು ಕಾರ್ಪೊರೇಟರ್‌ಗೆಂದು 2015ರ ಆಗಸ್ಟ್ 22ರಂದು ಓಟು ಹಾಕಿದರು. ಆಗ ನಗರದಲ್ಲಿ 198 ವಾರ್ಡು. ದಾಸರಹಳ್ಳಿ ವಿಧಾನಸಭಾ ಕ್ಷೇತ್ರದೊಳಗಿನ ಶೆಟ್ಟಿಹಳ್ಳಿ 12ನೇ ವಾರ್ಡು. ಆ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳ ಕಾಲ. ಐದು ವರ್ಷ, ಅಂದರೆ ಇನ್ನೊಂದು ಕೌನ್ಸಿಲ್ಲಿನ ಪೂರ್ತಿ ಅವಧಿ, ಚುನಾವಣೆ ಇಲ್ಲದೆಯೇ ಕಳೆದುಹೋಯಿತು.

ಹಾಗಾಗಬಾರದು ಎಂದೇ ಕಾನೂನಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ 243-ಯು ವಿಧಿ ನಗರಸಭೆ, ಮಹಾನಗರ ಪಾಲಿಕೆಗಳ ಆಯಸ್ಸು ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎನ್ನುತ್ತದೆ. ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ನಡುವೆಯೇ ವಿಸರ್ಜನೆಯಾದರೆ ಆರು ತಿಂಗಳೊಳಗೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. 2022ರ ಮೇ 10ರಂದು ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ, ವಾರ್ಡ್ ವಿಂಗಡಣೆ ಬಾಕಿ ಇದೆ ಎಂಬುದು ಚುನಾವಣೆ ತಡೆಹಿಡಿಯಲು ಕಾರಣವಾಗದು ಎಂದಿತು. ನಮ್ಮಲ್ಲಿ ಆದದ್ದು ಮಾತ್ರ ಬರೀ ವಿಂಗಡಣೆ. 198 ಇದ್ದದ್ದು 2022ರಲ್ಲಿ 243 ಆಯಿತು, 2023ರಲ್ಲಿ 225ಕ್ಕೆ ಇಳಿಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು. ನವೆಂಬರಿನ ಅಂತಿಮ ಅಧಿಸೂಚನೆಯಲ್ಲಿ ಐದೂ ಸೇರಿ ವಾರ್ಡುಗಳು 369. ಒಂದೇ ಒಂದು ಓಟು ಬೀಳದೆ ಮೂರು ನಕಾಶೆ ಬಂದವು! ಆದ್ದರಿಂದ ‘ನಮ್ಮದು 12ನೇ ವಾರ್ಡು’ ಎಂಬ ಹಳೆಯ ನೆನಪನ್ನು ಮರೆತುಬಿಡಿ. ನಿಮ್ಮ ಬೀದಿ ಯಾವ ಪಾಲಿಕೆ, ಯಾವ ವಾರ್ಡು ಎಂಬುದನ್ನು ಅಂತಿಮ ಅಧಿಸೂಚನೆಯ ಗಡಿ ವಿವರದಲ್ಲಿ ಕಣ್ಣಾರೆ ನೋಡಿಕೊಳ್ಳಿ. ರಸ್ತೆಯ ಆಚೆ ಬದಿ ಒಂದು ವಾರ್ಡು, ಈಚೆ ಬದಿ ಇನ್ನೊಂದು ಆಗಿರುವುದು ಅಪರೂಪವೇನಲ್ಲ.

ಓಟಿನ ದಿನಕ್ಕಿಂತ ನಾನು ಹೆಚ್ಚು ಮಹತ್ವ ಕೊಡುವುದು ಅದಕ್ಕೆ ಮುಂಚಿನ ಕರಡು ದಿನಗಳಿಗೆ. ವಾರ್ಡಿನ ಗಡಿ, ಮೀಸಲಾತಿ, ಮತದಾರರ ಪಟ್ಟಿ ಈ ಮೂರೂ ಮೊದಲು ಕರಡಾಗಿ ಹೊರಬೀಳುತ್ತವೆ. ಆಕ್ಷೇಪಣೆಗೆಂದು ಕೆಲವೇ ದಿನ ಕೊಡುತ್ತಾರೆ. ಆ ದಿನಗಳಲ್ಲಿ ನೀವು ಬರೆದುಕೊಟ್ಟ ಒಂದು ಹಾಳೆಯನ್ನು ಪರಿಶೀಲಿಸುವ ಹೊಣೆ ಅಧಿಕಾರಿಯದು. ಅಂತಿಮವಾದ ಮೇಲೆ ಕೋರ್ಟಿಗೆ ಹೋಗೋಣ ಅಂದುಕೊಂಡರೆ 243-ಝಡ್‌ಜಿ ವಿಧಿ ಅಡ್ಡ ನಿಲ್ಲುತ್ತದೆ: ಕ್ಷೇತ್ರ ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ, ನಡೆದ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಪ್ರಶ್ನಿಸುವಂತಿಲ್ಲ. ಕರಡು ಬಂದಾಗ ಮಲಗಿದ್ದು ಆಮೇಲೆ ಟೀ ಅಂಗಡಿಯಲ್ಲಿ ಕೂಗಾಡುವ ನಮ್ಮ ಚಾಳಿಗೆ ಕಾನೂನಿನಲ್ಲಿ ಮದ್ದಿಲ್ಲ.

ಮತದಾರರ ಪಟ್ಟಿಯ ಒಂದು ಹಾಳೆಯನ್ನು ಎದುರಿಗಿಟ್ಟುಕೊಳ್ಳಿ. ಪುಟಕ್ಕೆ ಮೂವತ್ತು ಚೌಕಗಳು. ಒಂದೊಂದರಲ್ಲೂ ಕ್ರಮಸಂಖ್ಯೆ, ಗುರುತಿನ ಚೀಟಿಯ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ. ಎಡವುವುದು ಮನೆ ನಂಬರಿನಲ್ಲಿ. ರೆವಿನ್ಯೂ ಲೇಔಟಿನ ಬೀದಿಗಳಲ್ಲಿ ಒಬ್ಬರಿಗೆ ಸೈಟ್ ನಂಬರ್, ಪಕ್ಕದವರಿಗೆ ಸರ್ವೆ ನಂಬರ್, ಮೂರನೆಯವರಿಗೆ ಬರೀ ಸೊನ್ನೆ. ಗಂಡ ಒಂದು ಭಾಗದ ಪಟ್ಟಿಯಲ್ಲಿ, ಹೆಂಡತಿ ಇನ್ನೊಂದರಲ್ಲಿ ಸಿಗುವುದು ಹೀಗೆ. ನಿಮ್ಮ ಹೆಸರಷ್ಟೇ ನೋಡಿ ಎದ್ದುಬಿಡಬೇಡಿ. ಮನೆಯವರೆಲ್ಲರ ಚೌಕವೂ ಸಿಗುವ ತನಕ ಹುಡುಕಿ.

ಇಲ್ಲಿ ಬಹಳ ಮಂದಿಗೆ ಒಂದು ಗೊಂದಲ. ವಿಧಾನಸಭೆ, ಲೋಕಸಭೆಯ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಪಾಲಿಕೆ, ಪಂಚಾಯಿತಿಗಳದ್ದು ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಸಂಸ್ಥೆಗಳು. ಆದರೆ ವಾರ್ಡಿನ ಪಟ್ಟಿ ಹುಟ್ಟುವುದು ವಿಧಾನಸಭಾ ಕ್ಷೇತ್ರದ ಪಟ್ಟಿಯಿಂದಲೇ. ದಾಸರಹಳ್ಳಿಯ ಪಟ್ಟಿಯಲ್ಲೇ ಹೆಸರಿಲ್ಲದವರು ವಾರ್ಡಿನ ಪಟ್ಟಿಯಲ್ಲಿ ತಾನಾಗಿ ಮೂಡುವುದಿಲ್ಲ. ಹಾಗಾಗಿ ತಪ್ಪು ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ. ಹೆಸರಿದ್ದು ಪಕ್ಕದ ವಾರ್ಡಿಗೆ ಹೋಗಿದ್ದರೆ, ವಾರ್ಡಿನ ಕರಡು ಪಟ್ಟಿಗೆ ಆಕ್ಷೇಪಣೆ. ಹೆಸರೇ ಇಲ್ಲದಿದ್ದರೆ ಫಾರಂ 6. ವಿಳಾಸ ಬದಲಾವಣೆ, ಅಕ್ಷರದೋಷಗಳಿಗೆ ಫಾರಂ 8. ಹದಿನೆಂಟು ತುಂಬುವ ಮಕ್ಕಳಿಗೆ ವರ್ಷದಲ್ಲಿ ಈಗ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ತಾರೀಖು.

ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವ ಬಾಡಿಗೆದಾರರಿಗೆ ಒಂದು ಮಾತು. ಓಟಿಗೆ ಸ್ವಂತ ಮನೆ ಬೇಕಿಲ್ಲ, ಓನರ್ ಒಪ್ಪಿಗೆಯೂ ಬೇಕಿಲ್ಲ. ಕಾನೂನು ಕೇಳುವುದು ನೀವು ಸಾಮಾನ್ಯವಾಗಿ ವಾಸ ಮಾಡುವುದು ಎಲ್ಲಿ ಎಂದಷ್ಟೇ. ಗ್ಯಾಸ್ ಅಥವಾ ಕರೆಂಟ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಆಧಾರ್, ನೋಂದಾಯಿತ ಬಾಡಿಗೆ ಕರಾರು ಇವುಗಳಲ್ಲಿ ಒಂದಾದರೆ ಸಾಕು. ಯಾವುದೂ ಇಲ್ಲವೆಂದು ಅರ್ಜಿ ತೆಗೆದುಕೊಳ್ಳದೆ ಕಳಿಸುವಂತಿಲ್ಲ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ಬಂದು ನೋಡಬೇಕು.

ಟೈಲರ್ ಮನೆಯ ತೊಡಕು ಬೇರೆ. ಇವರ ಹೆಸರು ಇಲ್ಲಿ, ಹೆಂಡತಿಯದು ಕುಣಿಗಲ್ ಕಡೆಯ ಊರಿನಲ್ಲಿ. “ಇರಲಿ ಬಿಡಿ ಸಾರ್, ಪಂಚಾಯ್ತಿ ಎಲೆಕ್ಷನ್ನಿಗೆ ನಮ್ಮ ಭಾವ ಕಾರು ಕಳಿಸ್ತಾರೆ. ಇಲ್ಲೂ ಒಂದು ಸೇರಿಸಿದರೆ ಆಯ್ತು.” ಆಗುವುದಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 17 ಮತ್ತು 18ನೇ ಕಲಮುಗಳ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ, ಒಂದೇ ಸಲ ಇರಬೇಕು. ಅರ್ಜಿಯಲ್ಲಿ ‘ಬೇರೆಲ್ಲೂ ಇಲ್ಲ’ ಎಂದು ಗೊತ್ತಿದ್ದೂ ಸುಳ್ಳು ಬರೆದು ರುಜು ಹಾಕಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಊರಿನ ಓಟೇ ಬೇಕೋ, ದಿನಾ ಬೆಳಗ್ಗೆ ಕಸದ ಗಾಡಿಗೆ ಕಾಯುವ ಬೀದಿಯ ಓಟು ಬೇಕೋ, ಆರಿಸಿಕೊಳ್ಳಬೇಕು. ಊರಿನ ನಂಟು ಎಷ್ಟು ಗಟ್ಟಿಯೆಂದು ಬಲ್ಲೆ. ನನ್ನ ಮತ ಮಾತ್ರ ಕಸದ ಗಾಡಿಯ ಕಡೆಗೆ. ಆಕೆ ತುಂಬಬೇಕಾದದ್ದು ಫಾರಂ 6 ಅಲ್ಲ, ಫಾರಂ 8.

ಹೆಸರು ತೆಗೆದುಹಾಕಿ ಎಂದು ಯಾರಾದರೂ ಫಾರಂ 7 ಕೊಟ್ಟರೆ, ನಿಮಗೆ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಿದ ಮೇಲೆಯೇ ತೀರ್ಮಾನ. ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾ ದಂಡಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಸ್ಪರ್ಧಿಸುವ ಆಸೆಯಿದ್ದವರಿಗೆ ಇಷ್ಟು ಸಾಕು: 21 ವರ್ಷ ತುಂಬಿರಬೇಕು, ಪಾಲಿಕೆಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ. ಇವೆರಡೂ ಕಾರ್ಪೊರೇಟರ್ ಕೈಯಲ್ಲಿಲ್ಲ ಎಂದು ಗೊತ್ತಿದ್ದರೆ, ಮನೆಬಾಗಿಲಲ್ಲಿ ಕೊಡುವ ಭರವಸೆಗಳಲ್ಲಿ ಯಾವುದು ಗಾಳಿಮಾತು ಎಂದು ಅಲ್ಲೇ ತಿಳಿಯುತ್ತದೆ.

ಭರವಸೆಯ ಜೊತೆ ಕುಕ್ಕರ್ ಬಂದರೆ? ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮು ಓಟಿಗಾಗಿ ಕೊಟ್ಟವನನ್ನೂ ತೆಗೆದುಕೊಂಡವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 173ರ ಪ್ರಕಾರ ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ. ಪಾಲಿಕೆ ಚುನಾವಣೆಗೂ ಇದು ಅನ್ವಯ.

ಇನ್ನು ಮತಗಟ್ಟೆ. ಸ್ಥಳೀಯ ಚುನಾವಣೆಗಳಲ್ಲಿ ಮತಯಂತ್ರದ ಬದಲು ಮತಪತ್ರ ಬಳಸುವಂತೆ ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಕಾಗದದ ಓಟನ್ನು ಕಾಣದೆ ಬೆಳೆದ ತಲೆಮಾರಿಗೆ ಇದು ಹೊಸದು. ಮತಪತ್ರ ಕೈಗೆ ಬಂದರೆ ಅಲ್ಲಿ ಕೊಟ್ಟ ಮುದ್ರೆಯನ್ನೇ ಒಬ್ಬರ ಚಿಹ್ನೆಯ ಮೇಲೆ ಒಂದೇ ಸಲ ಒತ್ತಿ. ರುಜು ಹಾಕಿದರೆ, ಇಬ್ಬರಿಗೆ ಒತ್ತಿದರೆ ಓಟು ತಿರಸ್ಕೃತ. ಮೊದಲು ಉದ್ದುದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ. ಹಸಿ ಶಾಯಿ ಇನ್ನೊಬ್ಬರ ಚಿಹ್ನೆಗೆ ಅಂಟದಿರಲೆಂದೇ ಹಿಂದಿನವರು ಹೀಗೆ ಮಡಚುತ್ತಿದ್ದರು. ನಿಮ್ಮ ಹೆಸರಿನಲ್ಲಿ ಮೊದಲೇ ಯಾರೋ ಓಟು ಹಾಕಿ ಹೋಗಿದ್ದರೆ ಜಗಳವಾಡಿ ಹೊರಬರಬೇಡಿ. ಗುರುತು ತೋರಿಸಿ ‘ಟೆಂಡರ್ಡ್ ಓಟು’ ಕೇಳಿ. ಬೇರೆ ಮತಪತ್ರ ಕೊಟ್ಟು, ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮುಂದೆ ಫಲಿತಾಂಶದ ತಕರಾರು ಕೋರ್ಟಿಗೆ ಹೋದರೆ ಆ ಲಕೋಟೆಯೇ ನಿಮ್ಮ ಸಾಕ್ಷಿ.

ಟೈಲರ್ ಹೆಂಡತಿ ಎರಡು ವಾರ ಯೋಚಿಸಿ ಫಾರಂ 8 ತುಂಬಿದರು. ಅರ್ಜಿಯ ರೆಫರೆನ್ಸ್ ನಂಬರನ್ನು ಎಲ್ಲಿ ಬರೆದಿಟ್ಟಿರಿ ಎಂದು ಕೇಳಿದೆ. ಗಿರಾಕಿಗಳ ಅಳತೆ ಪುಸ್ತಕ ತೆಗೆದು ತೋರಿಸಿದರು: ಯಾರದೋ ಬ್ಲೌಸಿನ ತೋಳಿನ ಅಳತೆಯ ಕೆಳಗೆ, ಕೆಂಪು ಚಾಕ್‌ಪೀಸಿನಲ್ಲಿ. ಪೆನ್ನಲ್ಲಿ ಬರೆದುಕೊಳ್ಳಿ ಅಂದೆ.