ಬ್ಯಾಟರಿ ಫುಲ್ ಆಗೋಕೆ ಎಷ್ಟು ಹೊತ್ತು ಬೇಕು? ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಲೆಕ್ಕ ಹಾಕಿ

ಬೆಳಿಗ್ಗೆ ಗಾಳಿ ಏಳೋ ಮುಂಚೆ ಔಷಧಿ ಹೊಡೆದು ಮುಗಿಸಬೇಕು ಅಂತ ಹೊಲಕ್ಕೆ ಹೋಗ್ತೀರಿ. ಎರಡು ಕ್ಯಾನ್ ಮುಗಿಯುವಷ್ಟರಲ್ಲಿ ಸ್ಪ್ರೇಯರ್ ನಿಂತರೆ? ಕಲಸಿದ ಔಷಧಿಯನ್ನು ನಾಳೆಗೆ ಇಡುವ ಹಾಗಿಲ್ಲ, ಅದೇ ದಿನ ಬಳಸಬೇಕು. ದುಡ್ಡೂ ಹಾಳು, ಅರ್ಧ ಹೊಲವೂ ಬಾಕಿ. ಬ್ಯಾಟರಿ ಎಷ್ಟು ಹೊತ್ತಿಗೆ ಫುಲ್ ಆಗುತ್ತೆ ಅನ್ನೋ ಲೆಕ್ಕ ಗೊತ್ತಿದ್ದರೆ ಈ ಪಜೀತಿ ಬಹುಮಟ್ಟಿಗೆ ತಪ್ಪುತ್ತದೆ.

ಎರಡು ಸಂಖ್ಯೆ ನೋಡಿ

ಮೊದಲನೆಯದು ಬ್ಯಾಟರಿ ಮೇಲಿನ ಆಂಪ್ ಅವರ್. ಇದು ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಎಂಬ ಅಳತೆ, ನೀರಿನ ಟ್ಯಾಂಕಿನ ಲೀಟರ್ ಇದ್ದ ಹಾಗೆ. ಮಿಲಿ ಆಂಪ್ ಅವರ್ ಅಂತ ಬರೆದಿದ್ದರೆ 1000ದಿಂದ ಭಾಗಿಸಿ. ಅಂದರೆ 2000 ಇದ್ದರೆ 2 ಆಂಪ್ ಅವರ್.

ಎರಡನೆಯದು ಚಾರ್ಜರ್ ಮೇಲಿನ ಆಂಪ್. ಇದು ಟ್ಯಾಂಕಿಗೆ ನೀರು ಬಿಡುವ ಪೈಪಿನ ದಪ್ಪ ಇದ್ದ ಹಾಗೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಚಾರ್ಜರ್ ಚೀಟಿಯಲ್ಲಿ ಇನ್‌ಪುಟ್, ಔಟ್‌ಪುಟ್ ಎರಡೂ ಇರುತ್ತವೆ. ನಮಗೆ ಬೇಕಿರೋದು ಔಟ್‌ಪುಟ್ ಮಾತ್ರ. ಅಲ್ಲಿ ಆಂಪ್ ಇಲ್ಲದೆ ವ್ಯಾಟ್ ಇದ್ದರೆ, ವ್ಯಾಟನ್ನು ಔಟ್‌ಪುಟ್ ವೋಲ್ಟ್‌ನಿಂದ ಭಾಗಿಸಿ. 42 ವ್ಯಾಟ್, 21 ವೋಲ್ಟ್ ಅಂದರೆ 2 ಆಂಪ್.

ಸೂತ್ರ

ಚಾರ್ಜಿಂಗ್ ಗಂಟೆ = ಬ್ಯಾಟರಿಯ ಆಂಪ್ ಅವರ್ ÷ ಚಾರ್ಜರ್‌ನ ಆಂಪ್ × ನಷ್ಟದ ಅಂಕಿ

ನಷ್ಟದ ಅಂಕಿ ಯಾಕೆ? ಒಂದಿಷ್ಟು ಕರೆಂಟ್ ಬಿಸಿಯಾಗಿ ಹೋಗುತ್ತದೆ. ಜೊತೆಗೆ ಬ್ಯಾಟರಿ ತುಂಬುತ್ತಾ ಬಂದಂತೆ ಚಾರ್ಜಿಂಗ್ ನಿಧಾನವಾಗುತ್ತದೆ. ಅಂದಾಜಿಗೆ ಲಿಥಿಯಂ ಬ್ಯಾಟರಿಗೆ 1.2, ಲೆಡ್ ಆಸಿಡ್ ಬ್ಯಾಟರಿಗೆ 1.4 ಹಾಕಿ.

ಉದಾಹರಣೆ 1: ಸ್ಪ್ರೇಯರ್

12 ವೋಲ್ಟ್, 8 ಆಂಪ್ ಅವರ್ ಲೆಡ್ ಆಸಿಡ್ ಬ್ಯಾಟರಿ, 1.7 ಆಂಪ್ ಚಾರ್ಜರ್.
8 ÷ 1.7 × 1.4 = ಸುಮಾರು 6.6 ಗಂಟೆ.

6.6 ಅಂದರೆ 6 ಗಂಟೆ 60 ನಿಮಿಷ ಅಲ್ಲ! ಚುಕ್ಕಿಯ ನಂತರದ್ದನ್ನು 60ರಿಂದ ಗುಣಿಸಿ: 0.6 × 60 = 36 ನಿಮಿಷ. ಹಾಗಾಗಿ ಖಾಲಿ ಬ್ಯಾಟರಿಯನ್ನು ಮಧ್ಯಾಹ್ನ 3ಕ್ಕೆ ಹಾಕಿದರೆ ರಾತ್ರಿ 9.36ಕ್ಕೆ ಫುಲ್. ಮಲಗುವ ಮುಂಚೆ ಪ್ಲಗ್ ತೆಗೆಯಬಹುದು. ನಡುವೆ ಒಂದು ಗಂಟೆ ಕರೆಂಟ್ ಹೋಗುವುದಿದ್ದರೆ 2ಕ್ಕೇ ಹಾಕಿ. ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗೋದು ಬೇಡ.

ಉದಾಹರಣೆ 2: ಬ್ಯಾಟರಿ ಕತ್ತರಿ

ದ್ರಾಕ್ಷಿ ಚಾಟ್ನಿಗೆ, ದಾಳಿಂಬೆ ಸವರೋಕೆ ಬಳಸುವ ಕತ್ತರಿಗೆ 2 ಆಂಪ್ ಅವರ್ ಲಿಥಿಯಂ ಬ್ಯಾಟರಿ, 1 ಆಂಪ್ ಚಾರ್ಜರ್ ಇದೆ ಅಂದುಕೊಳ್ಳಿ.
2 ÷ 1 × 1.2 = 2.4 ಗಂಟೆ, ಅಂದರೆ 2 ಗಂಟೆ 24 ನಿಮಿಷ.

ಒಂದು ಬ್ಯಾಟರಿ ಒಂದು ಗಂಟೆ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಎರಡು ಬ್ಯಾಟರಿ ಇದ್ದು 7ಕ್ಕೆ ಶುರು ಮಾಡಿದರೆ, ಮೊದಲನೆಯದು 8ಕ್ಕೆ ಚಾರ್ಜಿಗೆ ಹೋಗುತ್ತದೆ, ಎರಡನೆಯದು 9ಕ್ಕೆ ಮುಗಿಯುತ್ತದೆ. ಮೊದಲನೆಯದು ತುಂಬೋದು 10.24ಕ್ಕೆ. ಆಳುಗಳು ಒಂದೂವರೆ ಗಂಟೆಯಷ್ಟು ಸುಮ್ಮನೆ ಕೂರಬೇಕು. ಮೂರನೇ ಬ್ಯಾಟರಿ ಇದ್ದರೆ 10ರವರೆಗೆ ಕೆಲಸ ಸಾಗುತ್ತದೆ, ಕಾಯೋದು 24 ನಿಮಿಷ ಮಾತ್ರ. ತಿಂಡಿಗೆ ಅಷ್ಟು ಹೊತ್ತು ಹೇಗೂ ಬೇಕಲ್ಲ. ಇನ್ನೊಂದು ಕತ್ತರಿ ಕೊಳ್ಳೋ ಮುಂಚೆ ಈ ಲೆಕ್ಕ ಹಾಕಿ. ನಿಮಗೆ ಬೇಕಿರೋದು ಬರೀ ಒಂದು ಬ್ಯಾಟರಿ ಇರಬಹುದು.

ದೊಡ್ಡ ಚಾರ್ಜರ್ ಹಾಕಿದರೆ ಬೇಗ ಆಗಲ್ವಾ?

ಆಗುತ್ತೆ, ಆದರೆ ಬ್ಯಾಟರಿ ತಡೆಯಬೇಕಲ್ಲ. ಲೆಡ್ ಆಸಿಡ್ ಬ್ಯಾಟರಿಯ ಮೈಮೇಲೆ ಗರಿಷ್ಠ ಎಷ್ಟು ಆಂಪ್‌ನಲ್ಲಿ ಚಾರ್ಜ್ ಮಾಡಬಹುದು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಅದನ್ನು ಮೀರಬೇಡಿ.

ಮುಖ್ಯವಾಗಿ, ಲೆಡ್ ಆಸಿಡ್ ಚಾರ್ಜರನ್ನು ಲಿಥಿಯಂ ಬ್ಯಾಟರಿಗೆ ಹಾಕಲೇಬೇಡಿ. ಮೂರು ಸೆಲ್ ಸಾಲಿನ 12 ವೋಲ್ಟ್ ಲಿಥಿಯಂ ಬ್ಯಾಟರಿ 12.6 ವೋಲ್ಟ್‌ಗೆ ಫುಲ್ ಆಗುತ್ತದೆ. ಲೆಡ್ ಆಸಿಡ್ ಚಾರ್ಜರ್ 14 ವೋಲ್ಟ್ ದಾಟುತ್ತದೆ. ಬ್ಯಾಟರಿ ಉಬ್ಬಬಹುದು, ಬೆಂಕಿಯೂ ಹತ್ತಬಹುದು. ಪಿನ್ ಕೂತಿತು ಅಂದ ಮಾತ್ರಕ್ಕೆ ಚಾರ್ಜರ್ ಸರಿಯಾದದ್ದು ಅಂತಲ್ಲ.

ಲೆಕ್ಕಕ್ಕಿಂತ ತುಂಬಾ ಬೇಗ ಫುಲ್ ಆದರೆ ಖುಷಿಪಡಬೇಡಿ

ಪೂರ್ತಿ ಖಾಲಿಯಾದ ಸ್ಪ್ರೇಯರ್ ಬ್ಯಾಟರಿ ಆರೂವರೆ ಗಂಟೆ ಬದಲು ಮೂರೇ ಗಂಟೆಗೆ ಹಸಿರು ದೀಪ ತೋರಿಸಿದರೆ, ಬ್ಯಾಟರಿ ಹಳತಾಗಿದೆ ಅಂತ ಅರ್ಥ. ಟ್ಯಾಂಕಿನಲ್ಲಿ ಹೂಳು ತುಂಬಿದರೆ ನೀರು ಕಡಿಮೆ ಹಿಡಿಯುವ ಹಾಗೆ. ಸೆಕೆಂಡ್ ಹ್ಯಾಂಡ್ ಸ್ಪ್ರೇಯರ್ ಕೊಳ್ಳುವಾಗ ಇದನ್ನು ಪರೀಕ್ಷೆ ಮಾಡಿಯೇ ದುಡ್ಡು ಕೊಡಿ.

ನೆನಪಿಡಿ

- ಬಳಸಿ ಬಿಸಿಯಾದ ಬ್ಯಾಟರಿಯನ್ನು ನೆರಳಲ್ಲಿಟ್ಟು, ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ.
- ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಇಟ್ಟು ಮರೆಯಬೇಡಿ. ಕೆಲಸ ಇಲ್ಲದ ತಿಂಗಳಲ್ಲೂ ಒಮ್ಮೆ ಚಾರ್ಜ್ ಮಾಡಿ.
- ಲಿಥಿಯಂ ಬ್ಯಾಟರಿಯನ್ನು ತುಂಬಾ ದಿನ ಇಡೋದಾದರೆ ಸುಮಾರು ಅರ್ಧ ಚಾರ್ಜ್‌ನಲ್ಲಿ ಇಡಿ.
- ಹುಲ್ಲು, ಡೀಸೆಲ್, ಗೋಣಿಚೀಲದ ಹತ್ತಿರ ಚಾರ್ಜಿಗೆ ಹಾಕಬೇಡಿ.

ಇವತ್ತೇ ನಿಮ್ಮ ಬ್ಯಾಟರಿ, ಚಾರ್ಜರ್ ಎರಡರ ಚೀಟಿಯನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಲೆಕ್ಕ ಹಾಕಿ ಬಂದ ಗಂಟೆಯನ್ನು ಮಾರ್ಕರ್ ಪೆನ್ನಿನಲ್ಲಿ ಚಾರ್ಜರ್ ಮೇಲೆ ಬರೆದುಬಿಡಿ. ಮನೆಯಲ್ಲಿ ಯಾರು ಚಾರ್ಜಿಗೆ ಹಾಕಿದರೂ ಯಾವಾಗ ತೆಗೆಯಬೇಕು ಅಂತ ಗೊತ್ತಾಗುತ್ತೆ.